ಬಲೆ ದಾಟದ ರಾಕ್ಷಸ

ಈರಮ್ಮ ಚಾಪೆಯ ಆ ತುದಿಯಲ್ಲಿ ಕೂತಿದ್ದಳು, ಮಗಳು ಸುಚಿತಾ ಈ ತುದಿಯಲ್ಲಿ. ಸೀಳಿ ಉಪ್ಪು ಹಚ್ಚಿದ ಬಂಗಡೆಗಳನ್ನು ಒಂದೊಂದಾಗಿ ಬಾಲ ಹಿಡಿದು ಮಗುಚುತ್ತ ಬರಬೇಕು. ನಡುವೆ ಇಬ್ಬರ ಕೈ ಸೇರಿದರೆ ಆ ಚಾಪೆ ಮುಗಿದಂತೆ. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಈರಮ್ಮ ಕಾಗೆಗೊಮ್ಮೆ, ಬೆಕ್ಕಿಗೊಮ್ಮೆ, ಪಕ್ಕದ ಮನೆಯ ಲಕ್ಕಿಗೊಮ್ಮೆ ಬೈದು ಮುಗಿಸಿರುತ್ತಿದ್ದಳು. ಇವತ್ತು ಕಾಗೆ ಚಾಪೆಯ ಅಂಚಿಗೇ ಬಂದು ಮೀನಿನ ಕಣ್ಣು ಕುಕ್ಕಿದರೂ ಅವಳು ಕೈ ಎತ್ತಲಿಲ್ಲ. ಮೂರು ಚಾಪೆ ಮುಗಿದವು. ಮೂರು ಸಲ ತಾಯಿ ಮಗಳ ಬೆರಳು ತಾಗಿದವು.

ನಾಳೆ ಅಮಾವಾಸ್ಯೆ. ದೋಣಿ ಹತ್ತಿ ಹೋದ ಗಂಡ ತಿಮ್ಮ ಮರಳದೆ ಏಳು ವರ್ಷ ತುಂಬಿತ್ತು. ದೋಣಿಯ ಒಂದು ಹಲಗೆ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ, ಅದಕ್ಕೇ ಬೆಂಕಿ ಕೊಟ್ಟು ಕ್ರಿಯೆ ಮುಗಿಸುವುದು ಪದ್ಧತಿ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಣ್ಣ ಸುಮಿತ ಹೋದ ವಾರ ಭಟ್ಟರನ್ನು ಕಂಡು ದಿನ ಗೊತ್ತು ಮಾಡಿಕೊಂಡು ಬಂದಿದ್ದ. ಈರಮ್ಮ ‘ಆತು’ ಅಂದಿದ್ದಳು. ಸುಚಿತಾಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅರ್ಧ ಕುಡಿದ ಚಾ ಬಿಟ್ಟು ಏಳುವಳು, ತೊಳೆದ ಪಾತ್ರೆ ಮತ್ತೆ ತೊಳೆಯುವಳು.

ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ ಸುಮಿತ ತಟ್ಟನೆ ಎದ್ದು ನಿಂತ.

“ಸುಚಿ, ಬಾ ಇಲ್ಲಿ. ಬೇಗ ಬಾರೇ.”

ಅವಳು ಉಪ್ಪು ಹತ್ತಿದ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಯಾರೋ ಕಳಿಸಿದ ಇಪ್ಪತ್ತು ಸೆಕೆಂಡಿನ ತುಣುಕು. ಸೊಂಟದ ತನಕದ ನೀರಿನಿಂದ ಒಂದು ಹಸಿರು ಪ್ರಾಣಿ ಮೇಲೇಳುತ್ತದೆ. ಕೈ ಎತ್ತಿ ಅರಚುತ್ತದೆ. ಹಿಂದಿನಿಂದ ಬಂದ ತೆರೆ ತಲೆಗೆ ಬಡಿದು ಮುಗ್ಗರಿಸುತ್ತದೆ. ಬೆನ್ನ ಮೇಲಿನ ಜಿಪ್ಪು ಬಿಸಿಲಿಗೆ ಫಳ್ಳನೆ ಹೊಳೆಯುತ್ತದೆ. ಕೆಳಗೆ ಹಲ್ಲು ಕಿರಿಯುವ ಹಳದಿ ಮುಖಗಳ ಸಾಲು. ‘ನಕ್ಕು ನಕ್ಕು ಸತ್ತೆ’ ಎಂದು ಒಬ್ಬ ಬರೆದಿದ್ದ. ‘ಇದರ ಡೈರೆಕ್ಟರನ್ನು ಹುಡುಕಿ ಕೊಡಿ’ ಎಂದು ಇನ್ನೊಬ್ಬ.

“ನಮ್ಮ ಅಪ್ಪ ಅಲ್ದನೇ?” ಎಂದ ಸುಮಿತ, ದನಿ ತಗ್ಗಿಸಿ.

“ಇದರ ಮುಂದಿಂದು ಇದ್ಯಾ?”

“ಇಲ್ಲ. ಇಷ್ಟೇ. ನಾನೂ ಹುಡುಕ್ದೆ. ಪಿಚ್ಚರಿನ ಹೆಸರು ಎಂತ ಮಾರಾಯ್ತಿ? ನೆನಪೇ ಆಗ್ತಿಲ್ಲ.”

ಅವಳಿಗೂ ಆಗಲಿಲ್ಲ. ತಮ್ಮ ಊರು ಕಾಸರಕೋಡಿನಲ್ಲಿ ಎಲ್ಲರೂ ಅದನ್ನು ‘ತಿಮ್ಮನ ಪಿಚ್ಚರ್’ ಎಂದೇ ಕರೆದಿದ್ದರು. ಈರಮ್ಮ ಚಾಪೆಯ ಬಳಿಯಿಂದ ಇತ್ತ ನೋಡಲಿಲ್ಲ. ನಾಲ್ಕನೆಯ ಚಾಪೆಯ ಮೀನನ್ನು ಒಬ್ಬಳೇ ಮಗುಚತೊಡಗಿದ್ದಳು.

ಅವರು ಸಣ್ಣವರಿದ್ದಾಗ ಭಾನುವಾರ ಮಧ್ಯಾಹ್ನವೆಂದರೆ ರಾಕ್ಷಸರ ಹೊತ್ತು. ಕುಮಟೆಯ ಸುಧಾಕರ ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿ, ಅದರ ತುಂಬ ಸೀಡಿ ತುಂಬಿಕೊಂಡು ಬರುತ್ತಿದ್ದ. ಕುಟುಂಬದ ಕತೆ, ಹಾಡು ಕುಣಿತ ಯಾವುದೂ ಮಕ್ಕಳಿಗೆ ಬೇಡ. ಯಾವ ದೇಶದ್ದೋ ಏನೋ, ಯಾರೋ ಯಾರಿಗೋ ಕನ್ನಡದಲ್ಲೋ ಹಿಂದಿಯಲ್ಲೋ ದನಿ ಕೊಟ್ಟ ರಾಕ್ಷಸರ ಪಿಚ್ಚರೇ ಬೇಕು. ತಂತಿಯ ಮೇಲೆ ಹಾರುವ ಬಾವಲಿ. ಬಸ್ಸು ನುಂಗುವ ಹಲ್ಲಿ. ಆ ಬಸ್ಸಿಗೆ ಚಕ್ರವೇ ತಿರುಗುತ್ತಿರಲಿಲ್ಲ. ತಿಮ್ಮ ಮಕ್ಕಳ ನಡುವೆ ಕಾಲು ಚಾಚಿ ಕೂತು ತಪ್ಪು ಹೆಕ್ಕುವನು. ಒಂದರಲ್ಲಿ ಹಡಗು ಹಿಡಿದು ಅಲ್ಲಾಡಿಸುವ ದೈತ್ಯ ಆಕ್ಟೋಪಸ್ ಬಂದಾಗ ಎದ್ದು ಟೀವಿಯ ಗಾಜಿನ ಮೇಲೇ ಬೆರಳಿಟ್ಟು ಎಣಿಸಿದ್ದ.

“ಏಳೇ ಕಾಲು! ಎಂಟನೇದು ಯಾರು ಸಾರು ಮಾಡ್ಕಂಡು ಉಂಡ್ರು?”

ಸುಮಿತ ನಗುತ್ತ ನೆಲದ ಮೇಲೆ ಹೊರಳಾಡಿದ್ದ. ಸುಚಿತಾ ಅಪ್ಪನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದಳು. ಅವಳು ನಗುವುದೂ ಹಾಗೇ, ಯಾರಿಗೂ ಕಾಣದ ಹಾಗೆ.

ಅವಳು ಎರಡನೆಯ ಕ್ಲಾಸಿನಲ್ಲಿದ್ದಾಗ ಪಿಚ್ಚರಿನವರೇ ಕಾಸರಕೋಡಿಗೆ ಬಂದರು. ರಾಕ್ಷಸನ ಪಾತ್ರಕ್ಕೆಂದು ಪೇಟೆಯಿಂದ ಬಂದವನು ತೆರೆಯಲ್ಲಿ ಎರಡು ಸಲ ಬಿದ್ದು ನೀರು ಕುಡಿದು, ಮೂರನೆಯ ಸಲ ಒಲ್ಲೆನೆಂದ. ತೆರೆಯಲ್ಲಿ ನಿಲ್ಲಬಲ್ಲ ಮನುಷ್ಯ ಬೇಕಾಗಿತ್ತು. ತಿಮ್ಮನಿಗೆ ಟಯರ್ ಟ್ಯೂಬಿನ ಚರ್ಮ, ತೆಂಗಿನ ನಾರಿನ ಜಡೆ, ಎರಡು ಮಾರು ಉದ್ದದ ಬಾಲ ಹಾಕಿ ಬೆನ್ನಿನ ಜಿಪ್ಪು ಎಳೆದರು. ಮೂರು ದಿನ ಅವನು ಸಮುದ್ರದಿಂದ ಎದ್ದು ಬಂದ. ಉಪ್ಪುನೀರಿಗೆ ಬಣ್ಣ ಬಿಟ್ಟು ಸಂಜೆ ಮನೆಗೆ ಬಂದಾಗ ಕುತ್ತಿಗೆಯೆಲ್ಲ ಹಸಿರು.

ಮೂರನೆಯ ದಿನ ಜಗಳವಾಯಿತು. ದಡದ ಮೇಲೆ ಬಲೆ ಹಾಸಿತ್ತು. ರಾಕ್ಷಸ ಅದನ್ನು ತುಳಿದು, ಹರಿದು, ಆಚೆಗಿದ್ದ ದೋಣಿಯನ್ನು ಒಡೆಯಬೇಕು. ತಿಮ್ಮ ಬಲೆಯ ಅಂಚಿನ ತನಕ ಗುರುಗುಡುತ್ತ ಬಂದವನು ಅಲ್ಲಿ ನಿಂತ. ಹಾಸಿದ ಬಲೆಯನ್ನು ಯಾರೂ ದಾಟುವುದಿಲ್ಲ. ಅರ್ಧ ಫರ್ಲಾಂಗು ಹಾಸಿದ್ದರೂ ಸುತ್ತಿ ಹೋಗಬೇಕು. ನಡೆಯಲು ಕಲಿಯುವ ಮಗುವಿಗೂ ಮೊದಲು ಕಲಿಸುವುದು ಅದನ್ನೇ.

“ತುಳಿರೀ! ನೀವು ರಾಕ್ಷಸ, ಮನುಷ್ಯ ಅಲ್ಲ!” ಡೈರೆಕ್ಟರ್ ಕೂಗಿದ.

“ರಾಕ್ಷಸ ಆದ್ರೆ ಎಂತಾತು, ಕಾಲು ನಂದೇ ಅಲ್ದಾ?” ಎಂದಿತು ರಬ್ಬರಿನ ಒಳಗಿನಿಂದ.

ಮೂರು ಸಲ ತೆಗೆದರು. ಮೂರು ಸಲವೂ ರಾಕ್ಷಸ ಬಲೆಯನ್ನು ಸುತ್ತಿ ನಡೆದ. ಅಷ್ಟೇ ಅಲ್ಲ, ಬಾಲ ಬಲೆಗೆ ತಾಗಬಾರದೆಂದು ಅದನ್ನು ಹೆಂಗಸರು ಸೀರೆಯ ನಿರಿಗೆ ಹಿಡಿಯುವಂತೆ ಕೈಯಲ್ಲಿ ಎತ್ತಿ ಹಿಡಿದುಕೊಂಡ. ದೋಣಿಯ ಬಳಿ ಬಂದು ಒಡೆಯುವ ಮೊದಲು ಅದರ ಮೂತಿಗೆ ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡ. ಬೆಳಕು ಹೋಗುತ್ತಿತ್ತು. ಡೈರೆಕ್ಟರ್ ತಲೆಯ ಮೇಲೆ ಕೈಹೊತ್ತು ಅದನ್ನೇ ಇಟ್ಟುಕೊಂಡ. ಕೊನೆಗೆ ಊರವರು ರಾಕ್ಷಸನನ್ನು ಸುಡುವ ದೃಶ್ಯಕ್ಕೆ ಆ ಚರ್ಮದೊಳಗೆ ಹುಲ್ಲು ತುಂಬಿಸಿ ಬೆಂಕಿ ಇಟ್ಟರು. ಅಲ್ಲಿ ನಿಂತು ನೋಡುತ್ತಿದ್ದ ಈರಮ್ಮ ಸೆರಗು ಬಾಯಿಗೊತ್ತಿಕೊಂಡು ಮನೆಗೆ ಓಡಿದಳು. ಆ ಪಿಚ್ಚರನ್ನು ಅವಳು ಒಮ್ಮೆಯೂ ನೋಡಲಿಲ್ಲ.

ಅದು ಯಾವ ಟಾಕೀಸಿಗೂ ಬರಲಿಲ್ಲ, ಸೀಡಿಯಾಗಿ ಬಂತು. ಸುಧಾಕರ ತಿಮ್ಮನಿಗೊಂದು ಕೊಟ್ಟ. ಮನೆಗೆ ಯಾರೇ ಬಂದರೂ ತಿಮ್ಮ ಅದನ್ನು ಹಾಕುವನು. ತಾನು ಟೀವಿ ನೋಡುವವನಲ್ಲ. ಪಕ್ಕದಲ್ಲಿ ಕೂತು ನೋಡುವವರ ಮುಖ ನೋಡುವನು. ಬಲೆಯ ಹತ್ತಿರ ಬಂದಾಗ ಅವರು ನಕ್ಕರೆ ಅವನಿಗೆ ಹೊಟ್ಟೆ ತುಂಬಿದಂತೆ.

ಸುಚಿತಾ ಎಂಟನೆಯ ಕ್ಲಾಸಿಗೆ ಬರುವ ಹೊತ್ತಿಗೆ ಆ ನಗು ಶಾಲೆಗೂ ಬಂದಿತ್ತು. ಅವಳು ಬಾಗಿಲಲ್ಲಿ ಕಂಡರೆ ಹುಡುಗರು ಇಲ್ಲದ ಬಾಲ ಎತ್ತಿ ಹಿಡಿದು ಬೆಂಚು ಸುತ್ತುವರು. ಟೀಚರ್ ಕೂಡ ನಗು ತಡೆದುಕೊಂಡು, “ಹೌದಾ ಸುಚಿತಾ, ಅದು ನಿನ್ನ ಅಪ್ಪನಾ?” ಎಂದು ಕೇಳಿದ್ದರು. ಅವಳು ಅಲ್ಲ ಎಂದಿದ್ದಳು. ಅಂದೇ ಸಂಜೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕಡಲ ಕಲಗದ ಚೂಪಾದ ಚಿಪ್ಪಿನಿಂದ ಸೀಡಿಯನ್ನು ಗೀರಿ ಇಟ್ಟಳು. ಮುಂದಿನ ಭಾನುವಾರ ಅದು ಓಡಲಿಲ್ಲ. ತಿಮ್ಮ ಲುಂಗಿಯಿಂದ ಒರೆಸಿದ, ಪೇಸ್ಟು ಹಚ್ಚಿ ತೊಳೆದ. ಕೊನೆಗೆ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ಆ ಗೀರುಗಳನ್ನು ನೋಡಿದ.

“ಉಪ್ಪುಗಾಳಿ,” ಎಂದ. “ಎಂತ ಮಾಡುಕೆ ಆಗ್ತದೆ.”

ಮರುವರ್ಷ, ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲಿಸುವ ಬಂದಿ ಮುಗಿದು ದೋಣಿಗಳು ಇಳಿದ ಮೊದಲ ವಾರ, ಅವನು ಹೋದ. ಅವಳ ಶಾಲೆಯೂ ಅಲ್ಲಿಗೆ ನಿಂತಿತು.

ಅಪ್ಪನ ಮುಖದ ನೆನಪಿಗೆ ಆಧಾರ್ ಕಾರ್ಡಿನ ಫೋಟೊ ಇತ್ತು. ನಡಿಗೆಗೆ ಎಂತದೂ ಇರಲಿಲ್ಲ. ಇತ್ತೀಚೆಗೆ ಕಣ್ಣು ಮುಚ್ಚಿ ಅಪ್ಪನನ್ನು ನಡೆಸಲು ನೋಡಿದರೆ ಅವನು ನಿಂತೇ ಇರುತ್ತಿದ್ದ. ನಾಳೆ ಬೊಂಬೆಗೆ ಬೆಂಕಿ ಕೊಟ್ಟ ಮೇಲೆ ಅವನು ಇನ್ನು ನಡೆಯುವುದೇ ಇಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು. ಅದಕ್ಕೆ ಮೊದಲು ಆ ಪಿಚ್ಚರಿನಲ್ಲಿ ಅವನು ನಡೆಯುವುದನ್ನು ಒಮ್ಮೆ ನೋಡಬೇಕು.

“ದರ್ಭೆ, ಎಳ್ಳು ನಾನೇ ತತ್ತೆ,” ಎಂದಳು ಸುಚಿತಾ, ಕೈ ತೊಳೆಯುತ್ತ.

ಈರಮ್ಮ ಆ ದಿನ ಮೊದಲ ಸಲ ಬಾಯಿ ಬಿಟ್ಟಳು. “ನೀನಾ? ಅಂಗಡಿಯವನ ಹತ್ರ ಉಪ್ಪು ಕೇಳುಕೂ ನಾಚಿಕೆ ನಿಂಗೆ.”

“ತತ್ತೆ ಅಂದೆ ಅಲ್ದಾ.”

ರಸ್ತೆಗೆ ಹೋಗುವ ದಾರಿಯಲ್ಲಿ ಯಾರೋ ಬಲೆ ಹಾಸಿ ಹೊಲಿಯುತ್ತಿದ್ದರು. ಅವಸರದಲ್ಲಿದ್ದರೂ ಅವಳು ಅದನ್ನು ಪೂರ್ತಿ ಸುತ್ತಿ ಹೋದಳು. ಹೊನ್ನಾವರದಲ್ಲಿ ಇಳಿಯಬೇಕಾದವಳು ಇಳಿಯದೆ ಕುಮಟೆಗೆ ಟಿಕೆಟ್ ತೆಗೆದಳು.

ಸುಧಾಕರನ ಅಂಗಡಿಯಲ್ಲಿ ಈಗ ಫೋನಿನ ಕವರುಗಳು ತೂಗುತ್ತಿದ್ದವು. ಅವನ ತಲೆ ಬೋಳಾಗಿತ್ತು. ಕಾಲೇಜಿನ ನಾಲ್ಕು ಹುಡುಗಿಯರು ಅಂಗಡಿ ಬಿಟ್ಟು ಹೋಗುವ ತನಕ ಅವಳು ಎದುರಿನ ಬಾಳೆಹಣ್ಣಿನ ಗಾಡಿಯ ಬಳಿ ನಿಂತೇ ಇದ್ದಳು.

“ಸೀಡಿಯಾ!” ಎಂದ ಸುಧಾಕರ. “ತಂಗಿ, ಸೀಡಿ ಕೇಳ್ದವ್ರನ್ನ ನೋಡಿ ನಂಗೆ ಎಷ್ಟು ವರ್ಷ ಆತು! ಯಾವ ಪಿಚ್ಚರಿಂದು?”

“ರಾಕ್ಷಸಂದು.”

“ರಾಕ್ಷಸಂದು ಒಂದಾ ಎರಡಾ? ಹೆಸರು ಹೇಳು.”

ಹೆಸರು ಗೊತ್ತಿಲ್ಲ. ಕತೆ ಹೇಳಲು ಬಾಯಿ ತೆರೆದಳು. ಆಗಲೇ ಇಬ್ಬರು ಗಂಡಸರು ಚಾರ್ಜರ್ ಕೇಳುತ್ತ ಒಳಗೆ ಬಂದರು. ಬಾಯಿ ಮುಚ್ಚಿಕೊಂಡಿತು. ಸುಧಾಕರ ಅವರಿಗೆ ಚಾರ್ಜರ್ ತೆಗೆದುಕೊಡುತ್ತಲೇ ಹೇಳಿದ: “ಅಂಗಡಿ ಖಾಲಿ ಮಾಡುವಾಗ ಎಲ್ಲ ಅಕ್ಕನ ಮನೆಗೆ ಹಾಕ್ದೆ. ಭಟ್ಕಳದ ಹತ್ರ ಜಾಲಿಲಿ. ಪ್ರಿಯಂವದಾ ಅಂತ ಕೇಳು. ಇದ್ರೆ ಅಲ್ಲೇ, ಇಲ್ದಿದ್ರೆ ಇಲ್ಲ.”

ಕುಮಟೆಯ ಪೇಟೆಯಲ್ಲೇ ದರ್ಭೆ, ಎಳ್ಳು ತೆಗೆದುಕೊಂಡು ಬಟ್ಟೆಯ ಚೀಲಕ್ಕೆ ಹಾಕಿದಳು. ದರ್ಭೆಯ ಕಟ್ಟು ಚೀಲಕ್ಕಿಂತ ಉದ್ದವಾಗಿ ಹೊರಗೆ ಚಾಚಿಕೊಂಡಿತು. ಭಟ್ಕಳದ ಬಸ್ಸು ಬಂದ ದಾರಿಯಲ್ಲೇ ವಾಪಸು ಓಡಿತು. ಹೊನ್ನಾವರ ಬಂತು, ಶರಾವತಿಯ ಸೇತುವೆ ಬಂತು. ಕಾಸರಕೋಡಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಲಕ್ಕಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ಸುಚಿತಾ ಬಾಗಿ ಚಪ್ಪಲಿ ಸರಿಪಡಿಸಿಕೊಳ್ಳುವಂತೆ ಮಾಡಿದಳು. ಹನ್ನೆರಡೂವರೆ. ಅಮ್ಮ ಈಗ ಎರಡನೆಯ ಸಲ ಮೀನು ಮಗುಚುತ್ತಿರಬೇಕು, ಒಬ್ಬಳೇ, ಎರಡೂ ತುದಿಯಿಂದ. ಕಂಡಕ್ಟರ್ ಸೀಟಿ ಊದುವ ತನಕ ಅವಳ ಪಾದ ಬಸ್ಸಿನ ನೆಲವನ್ನು ಕುಟ್ಟುತ್ತಲೇ ಇತ್ತು.

ಜಾಲಿಯಲ್ಲಿ ಪ್ರಿಯಂವದೆಯ ಮನೆ ದೂರದಿಂದಲೇ ಕಂಡಿತು, ಕಣ್ಣು ಕುಕ್ಕುವ ಹಾಗೆ. ಅಂಗಳದ ಮೇಲೆ ಅಡ್ಡಡ್ಡ ದಾರ ಕಟ್ಟಿ ನೂರಾರು ಸೀಡಿ ತೂಗುಹಾಕಿತ್ತು. ಗಾಳಿಗೆ ಅವು ತಿರುಗಿದಾಗ ಬೆಳಕಿನ ಚೂರುಗಳು ಗೋಡೆ, ನೆಲ, ಬಾವಿಕಟ್ಟೆಯ ಮೇಲೆಲ್ಲ ಓಡಾಡುತ್ತಿದ್ದವು. ಕೆಳಗೆ ಹಪ್ಪಳ ಒಣಗುತ್ತಿತ್ತು. ಅರವತ್ತು ದಾಟಿದ ದಪ್ಪ ಹೆಂಗಸು ಕೋಲು ಹಿಡಿದು ನೆರಳಲ್ಲಿ ಕೂತಿದ್ದಳು.

“ಕಾಗೆ ಬರೂದಿಲ್ಲ,” ಎಂದಳು ಅವಳು, ಸುಚಿತಾ ಮೇಲೆ ನೋಡುತ್ತಿರುವುದನ್ನು ಕಂಡು. “ನನ್ನ ತಮ್ಮನಿಂದ ನಂಗಾದ ಉಪಕಾರ ಇದೊಂದೇ.”

ಬಿಸಿಲು ಮಳೆಗೆ ತೂಗಿದ ಸೀಡಿ! ಸುಚಿತಾ ಹತ್ತಿರದ ಒಂದನ್ನು ಹಿಡಿದು ನೋಡಿದಳು. ಮೇಲಿನ ಚಿತ್ರ ಬೆಳ್ಳಗಾಗಿತ್ತು, ಅಡಿಯ ಬೆಳ್ಳಿ ಸಿಪ್ಪೆ ಬಿಟ್ಟಿತ್ತು.

“ಇದ್ರಲ್ಲಿ ಒಂದು ಪಿಚ್ಚರ್... ರಾಕ್ಷಸಂದು...”

“ಎಲ್ಲ ರಾಕ್ಷಸಂದೇ ಹೆಣ್ಣೇ. ದೇವರ ಪಿಚ್ಚರ್ ಒಂದೂ ಇಡ್ಲಿಲ್ಲ ಅವ. ಯಾವ ರಾಕ್ಷಸ?”

“ಹಸಿರು. ಸಮುದ್ರದಿಂದ ಬತ್ತದೆ.”

“ಹತ್ತು ಜನ ಬತ್ತಾರೆ ಸಮುದ್ರದಿಂದ.”

ಪ್ರಿಯಂವದಾ ಕೋಲಿನಿಂದ ಬೆನ್ನು ತುರಿಸಿಕೊಳ್ಳುತ್ತ ಕಾಯುತ್ತಿದ್ದಳು. ರಸ್ತೆಯಲ್ಲಿ ಯಾರೂ ಇಲ್ಲವೆಂದು ಸುಚಿತಾ ಎರಡು ಸಲ ನೋಡಿಕೊಂಡಳು. ಆಮೇಲೆ ಹೆಗಲ ಮೇಲಿನ ವೇಲನ್ನು ತೆಗೆದು ಅಂಗಳದಲ್ಲಿ ಉದ್ದಕ್ಕೆ ಹಾಸಿದಳು. ಚೀಲವನ್ನು ಬೆನ್ನ ಹಿಂದೆ, ಸೊಂಟದ ಕೆಳಗೆ ಹಿಡಿದುಕೊಂಡಳು. ದರ್ಭೆಯ ಕಟ್ಟು ನೆಲ ಸವರುವಷ್ಟು ಇಳಿಯಿತು. ಒಂದು ಕೈ ಮೇಲೆತ್ತಿದಳು. ಅರಚಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ.

ನಡೆದಳು. ವೇಲಿನ ಅಂಚಿಗೆ ಬಂದು ನಿಂತಳು. ಚೀಲವನ್ನು ನಿರಿಗೆ ಹಿಡಿದಂತೆ ಎತ್ತಿದಳು. ಎಡಗಾಲು ಹೊರಕ್ಕೆ, ಹೆಗಲು ಅದರ ಹಿಂದೆ, ದಡದ ಮೇಲಿದ್ದರೂ ದೋಣಿಯಲ್ಲಿದ್ದ ಹಾಗೆ ಒಂದು ತೂಗು, ಮತ್ತೆ ಬಲಗಾಲು. ವೇಲಿನ ಅರ್ಧ ಸುತ್ತುವ ಹೊತ್ತಿಗೆ ಅವಳು ನೆನಪು ಮಾಡಿಕೊಳ್ಳುವುದನ್ನು ಬಿಟ್ಟಿದ್ದಳು. ಕಾಲೇ ನಡೆಯುತ್ತಿತ್ತು. ಆಚೆಯ ಬಟ್ಟೆ ಒಗೆಯುವ ಕಲ್ಲಿನ ಮೂತಿಗೆ ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡಳು.

ಪ್ರಿಯಂವದೆಯ ಕೈಯಿಂದ ಕೋಲು ಬಿತ್ತು. ಅವಳು ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಅಯ್ಯೋ ನಿನ್ನ! ಬಲೆ ದಾಟದ ರಾಕ್ಷಸ! ಮೊದ್ಲೇ ಹೇಳುಕಾಗ್ಲಿಲ್ವಾ? ಅದನ್ನ ತೂಗುಹಾಕ್ಲಿಲ್ಲ ಮಾರಾಯ್ತಿ. ಮೊಮ್ಮಕ್ಕಳು ಬಂದ್ರೆ ಈಗ್ಲೂ ಅದೇ ಬೇಕು. ನಾಯಿ, ಬೆಕ್ಕು ಯಾವ್ದಾದ್ರೂ ಹಪ್ಪಳ ತುಳಿದ್ರೆ ನಾವು ಹೇಳೂದೇ ಅದು: ಆ ರಾಕ್ಷಸನ್ನ ನೋಡಿ ಕಲಿ ಅಂತ.” ಸೆರಗಿನಿಂದ ಕಣ್ಣೊರೆಸಿಕೊಂಡು ಸುಚಿತಾಳನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ದನೇ, ನೀನು ಥೇಟ್ ಅವನ ಹಾಂಗೇ ನಡೆದೆ.”

“ಅದು ನನ್ನ ಅಪ್ಪ,” ಎಂದಳು ಸುಚಿತಾ.

“ಹೌದಾ? ಎಲ್ಲಿದ್ದಾರೆ ಈಗ?”

“ಸಮುದ್ರಕ್ಕೆ ಹೋಗಿದ್ದಾರೆ.”

ಪ್ರಿಯಂವದೆಯ ಕಣ್ಣು ದರ್ಭೆಯ ಕಟ್ಟಿನ ಮೇಲೆ ಹೋಗಿ ಅಲ್ಲಿ ನಿಂತಿತು. ಅವಳು ಒಳಗೆ ಹೋಗಿ ಸೀಡಿ ತಂದು, ಒಂದು ಹಳೆಯ ಕರ್ಚೀಫಿನಲ್ಲಿ ಸುತ್ತಿ ಕೊಟ್ಟಳು.

“ವಾಪಸು ತರೂದು ಬೇಡ.”

ಸುಚಿತಾ ಮನೆ ಮುಟ್ಟಿದಾಗ ಐದೂವರೆ. ಒಣಗಿದ ಮೀನನ್ನೆಲ್ಲ ಬುಟ್ಟಿಗೆ ತುಂಬಿ ಆಗಿತ್ತು. ಈರಮ್ಮ ಬಾಗಿಲಲ್ಲೇ ನಿಂತಿದ್ದಳು.

“ಹೊನ್ನಾವರದ ದರ್ಭೆಗೆ ಇಷ್ಟು ಹೊತ್ತಾ?”

ಅವಳು ಚೀಲವನ್ನು ತಾಯಿಯ ಕೈಗಿತ್ತು, ಕರ್ಚೀಫಿನ ಗಂಟು ಬಿಚ್ಚಿ ತೋರಿಸಿದಳು. ಸುಮಿತ ಒಳಗಿನಿಂದ ಬಂದವನು ಸೀಡಿ ನೋಡಿ, ತಂಗಿಯ ಮುಖ ನೋಡಿ, ಅಟ್ಟ ಹತ್ತಿ ಹಳೆಯ ಪ್ಲೇಯರ್ ಇಳಿಸಿದ. ಧೂಳು ಊದಿದ. ವೈರು ಸಿಕ್ಕಿಸಿದ. ತಟ್ಟೆ ಹೊರಗೆ ಬರಲಿಲ್ಲ. ಅಪ್ಪ ಹೊಡೆಯುತ್ತಿದ್ದ ಜಾಗ ನೆನಪಿಟ್ಟು ಎಡಬದಿಗೆ ಗುದ್ದಿದ. ಬಂತು.

“ಅಮ್ಮ,” ಎಂದಳು ಸುಚಿತಾ. “ಹಳೇ ಸೀಡಿ ಗೀರಿದ್ದು ನಾನು. ಉಪ್ಪುಗಾಳಿ ಅಲ್ಲ.”

“ಗೊತ್ತು.” ಈರಮ್ಮ ಗೋಡೆಗೊರಗಿ ಕೂತು ದರ್ಭೆಯ ಕಟ್ಟು ಬಿಚ್ಚುತ್ತಿದ್ದಳು. “ಅವರೇ ಹೇಳಿದ್ರು. ಸಣ್ಣವಳಿಗೆ ನಾಚಿಕೆ ಆತು ಕಾಣ್ತದೆ, ಬಿಡು ಅಂದ್ರು.”

ಸುಚಿತಾ ಟೀವಿಯ ಮುಂದೆ ಕೂತಳು. ಎದ್ದಳು. ಮತ್ತೆ ಕೂತಳು.

ಪರದೆಯ ಮೇಲೆ ಬಣ್ಣ ಮಾಸಿದ ಸಮುದ್ರ ಬಂತು. ಡಬ್ಬ ಬಡಿದಂಥ ಸಂಗೀತ. ರಾಕ್ಷಸ ಎದ್ದ, ತೆರೆ ಹೊಡೆಯಿತು, ಜಿಪ್ಪು ಹೊಳೆಯಿತು. ಊರವರು ಓಡಿದರು, ಓಡುವವರಲ್ಲಿ ಒಬ್ಬ ಕ್ಯಾಮರಾ ನೋಡಿ ಹಲ್ಲು ಕಿರಿದ. ತಾನು ಎಂದೂ ನೋಡದ ಪಿಚ್ಚರಿನಿಂದ ಈರಮ್ಮ ಕಣ್ಣು ತೆಗೆಯಲಿಲ್ಲ. ರಾಕ್ಷಸ ದಡಕ್ಕೆ ಬಂದ, ಎಡಗಾಲು ಹೊರಕ್ಕೆ ಹಾಕುತ್ತ, ತೂಗುತ್ತ. ಬಲೆಯ ಅಂಚಿಗೆ ಬಂದು ನಿಂತ. ಕೆಳಗೆ ನೋಡಿದ. ಬಗ್ಗಿ, ಎರಡು ಮಾರು ಉದ್ದದ ಬಾಲವನ್ನು ಜೋಪಾನವಾಗಿ ಎತ್ತಿ ಹಿಡಿದುಕೊಂಡ. ಸುತ್ತತೊಡಗಿದ.

ಈರಮ್ಮನ ಬೆರಳು ದರ್ಭೆಯ ಮೇಲೆ ನಿಂತಿತು. ಒಂದು ಕಾಲಕ್ಕೆ ನೆಲದ ಮೇಲೆ ಹೊರಳಾಡಿ ನಗುತ್ತಿದ್ದ ಸುಮಿತ ಈಗ ಮೊಣಕಾಲು ಅಪ್ಪಿ ಕೂತಿದ್ದ, ತುಟಿ ಕಚ್ಚಿಕೊಂಡು. ಸುಚಿತಾ ಟೀವಿಗೆ ಬೆನ್ನು ತಿರುಗಿಸಿ ಅವರಿಬ್ಬರ ಮುಖ ನೋಡಿದಳು. ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಹಿಂದೆ ರಾಕ್ಷಸ ಇನ್ನೂ ಬಲೆ ಸುತ್ತುತ್ತಿದ್ದ. ಇನ್ನು ನಾಲ್ಕೈದು ಹೆಜ್ಜೆಗೆ ದೋಣಿ ಬರುತ್ತದೆ, ಅದಾದ ಮೇಲೆ ಬೆಂಕಿ.

“ನಗಿ,” ಎಂದಳು ಅವಳು. “ಯಾರಾದ್ರೂ ಒಂಚೂರು ನಗಿ ಮಾರಾಯ್ರೆ.”